ಹಿನ್ನೀರಿನ ಲಾಗ

9 ಅಕ್ಟೋಬರ್ 2007, ಮಂಗಳವಾರ
ಇವತ್ತೂ ಬಿದ್ದೆ. ಮೂಗಿನ ತುಂಬ ಹೇಮಾವತಿ ನೀರು. ದೋಣಿ ಎಳೀತದೆ, ಹಗ್ಗ ಹಿಡ್ಕೊಂಡು ಹಲಗೆ ಮೇಲೆ ನಿಂತು ಹೋಗ್ತೀನಿ, ಅದೆಲ್ಲ ಸರಿ. ದೋಣಿ ಎಬ್ಬಿಸೋ ಅಲೆ ಹತ್ತಿ ಹಿಂದಕ್ಕೆ ಲಾಗ ಹಾಕೋ ಹೊತ್ತಿಗೆ ಸರಿಯಾಗಿ ಹಗ್ಗ ಸಡಿಲ. ಎರಡು ಡ್ರಮ್ ತೇಲಿಬಿಟ್ಟಿರೋ ಕಡೆಯೇ ಹಾಕಬೇಕು, ದಡದಲ್ಲಿರೋ ಸಂಪತ್ಕುಮಾರ್ ಸರ್‌ಗೆ ಕಾಣಬೇಕಲ್ಲ. ಅವರ ಜಲಕ್ರೀಡೆ ಕ್ಯಾಂಪ್‌ಗೆ ಬೇಕಿರೋ ಇನ್‌ಸ್ಟ್ರಕ್ಟರ್ ಒಬ್ಬರೇ. ನಾನು, ಇಲ್ಲಾ ಪ್ರದ್ಯುಮ್ನ. ಸಿಗದಿದ್ರೆ ಹರದನಹಳ್ಳಿಗೆ ವಾಪಸ್. ಅಪ್ಪ ನೋಡಿಟ್ಟಿರೋ ಗಂಡಿನ ಮುಂದೆ ಕಾಫಿ ಲೋಟ ಹಿಡ್ಕೊಂಡು ನಿಲ್ಲೋದು.

11 ಅಕ್ಟೋಬರ್
ಕಣ್ಣಾರೆ ನೋಡ್ದೆ. ಡ್ರಮ್ ಹತ್ರ ಬರ್ತಿದ್ದಂಗೆ ದೋಣಿ ಓಡ್ಸೋ ಹುಚ್ಚಯ್ಯ ಆಕ್ಸಿಲರೇಟರ್ ಹಿಡಿ ಮೇಲಿಂದ ಕೈ ತೆಗೀತಾನೆ. ಬೇಕಂತಲೇ. ಪ್ರದ್ಯುಮ್ನನಿಗೆ ಬೇರೆ ಡ್ರೈವರ್, ಬೆಳಗಿನ ಪಾಳಿಯವನು, ಅವನ ಲಾಗ ಸಲೀಸು...

12 ಅಕ್ಟೋಬರ್
ಅನಸೂಯಮ್ಮನ ಹೋಟ್ಲಲ್ಲಿ ಹುಚ್ಚಯ್ಯ, ಪ್ರದ್ಯುಮ್ನ ಇಬ್ರೂ ಒಂದೇ ಬೆಂಚು. ಪ್ರದ್ಯುಮ್ನ ಮುದುಕನಿಗೆ ಬೀಡಿ ಕಟ್ಟು ಕೊಡ್ತಿದ್ದ. ನಾನು ಏನೂ ಕೇಳೋಕೆ ಮುಂಚೆನೇ “ಸುಮ್ನೆ ಟೀ ಕುಡೀತಿದ್ವಿ, ರಂಜಿನಿ” ಅಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.
ಸರ್‌ಗೆ ಹೇಳಿಬಿಟ್ಟೆ. ಹುಚ್ಚಯ್ಯನ್ನ ಕರೆಸಿ, ಇನ್ನೊಂದ್ಸಲ ಕೈ ತೆಗೆದ್ರೆ ಕೆಲಸಕ್ಕೆ ಬರಬೇಡ ಅಂದ್ರು. ಸಮಾಧಾನ ಆಯ್ತು.

14 ಅಕ್ಟೋಬರ್, ಸಂಜೆ
“ಪ್ರದ್ಯುಮ್ನ ಏನು ಕೊಟ್ಟ?” ಅಂತ ಹುಚ್ಚಯ್ಯನ ಮುಖಕ್ಕೇ ಕೇಳ್ದೆ.
“ಯಾಕವ್ವ ಅಂಗಂತೀಯ? ಆ ಡ್ರಮ್ ಕೆಳಗೇ ಕಣವ್ವ ನಮ್ಮೂರ ಮಾರಮ್ಮನ ಗುಡಿ ಮುಳುಗಿರೋದು. ಅವ್ಳ ತಲೆ ಮ್ಯಾಲೇ ಓಗ್ತಾ ಕೈ ಎತ್ತಿ ಮುಗೀದೆ ಇರಕ್ಕಾಯ್ತದಾ?”
ಕಥೆ ಕಟ್ಟೋಕೆ ಏನು ಬರಗಾಲ? ಅನಸೂಯಮ್ಮನ್ನ ಕೇಳ್ದೆ. ಡ್ಯಾಮ್ ಕಟ್ಟಿದಾಗ ಮುಳುಗಿದ ಊರಂತೆ. ಮೀನು ಹಿಡಿಯೋರೂ ಅಲ್ಲಿ ಹುಟ್ಟು ನಿಲ್ಸಿ ಕೈ ಮುಗೀತಾರಂತೆ.
ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸರ್ ಹತ್ರ ಓಡ್ದೆ. ಅವರು ಕೈ ಮುಗೀಲಿ ಬಿಡಿ, ಇಲ್ಲಾ ಡ್ರಮ್ಮಾದ್ರೂ ಸರಿಸಿ ಅಂದೆ. ಬೇರೆ ಕಡೆ ನೀರೊಳಗೆ ಮರದ ಬೊಡ್ಡೆ, ಆಗಲ್ಲ ಅಂದ್ರು. “ದೇವರು ಗೀವರು ದೋಣಿಯಿಂದಾಚೆ. ಕೈ ತೆಗೆದ್ರೆ ಮನೆಗೆ.”

18 ಅಕ್ಟೋಬರ್
ಟೆಸ್ಟ್ ಆಯ್ತು. ಡ್ರಮ್‌ಗಿಂತ ಮೊದಲೇ ಲಾಗ ಹಾಕಿಬಿಡೋಣ, ಹುಚ್ಚಯ್ಯ ಆಮೇಲೆ ಕೈ ಮುಗೀಲಿ ಅಂತಿದ್ದೆ. ಅವಸರದಲ್ಲಿ ಅಲೆ ತಪ್ತು. ಡ್ರಮ್ ಬಂದೇಬಿಡ್ತು. ಇನ್ನೇನು ಸಡಿಲ ಆಯ್ತದೆ ಅಂದ್ಕೊಂಡೇ ಹಾರಿದೆ — ಹಗ್ಗ ಬಿಗಿಯಾಗೇ ಇತ್ತು. ಆಕಾಶ, ನೀರು, ಮತ್ತೆ ಕಾಲಡಿ ಹಲಗೆ. ನಿಂತಿದ್ದೆ!
ಚಪ್ಪಾಳೆ. ಸರ್ ಕೈ ಕುಲುಕಿದ್ರು, ಕೆಲಸ ನಿಂದೇ ಅಂದ್ರು. ಪ್ರದ್ಯುಮ್ನನೂ ಬಂದು ಕೈ ಕೊಟ್ಟ.
ಹುಚ್ಚಯ್ಯ ದೋಣಿಯಿಂದ ಇಳೀಲೇ ಇಲ್ಲ. ಹತ್ರ ಹೋದೆ.
“ಕೈ ಮುಗೀಲಿಲ್ವಾ?”
“ಇಲ್ಲ ಕಣವ್ವ.”
ನನಗೋಸ್ಕರವಾ, ಅವರ ಕೆಲಸ ಉಳಿಸ್ಕೊಳ್ಳೋಕಾ — ನಾಲಗೆ ತುದಿಗೆ ಬಂತು. ಇಲ್ಲೂ ಅನುಮಾನವೇ ನಂದು. ಬಲಗೈಯನ್ನ ತೊಡೆ ಕೆಳಗೆ ಒತ್ತಿ ಹಿಡ್ಕೊಂಡು ಕೂತಿದ್ರು. ಮುಖ ಎತ್ತಲಿಲ್ಲ.
ನಾಳೆಯಿಂದ ದಿನಾ ಇದೇ. ಅದೇ ದೋಣಿ, ಅದೇ ಡ್ರಮ್. ಹಿಂದೆ ನಾನು ಹಗ್ಗ ಹಿಡ್ಕೊಂಡು, ಮುಂದೆ ಅವರು...