ಕೇಳಿದವರಿಗೆ ಬಂದ ಬಸ್ಸು

ಶಹಾಪುರ
೧೯ ಜನವರಿ ೨೦೨೫

ಪ್ರೀತಿಯ ತಂಗಿ ನುಜ್ಹತ,

ನಿನಗೂ ಮುಸ್ತಫಾ ಅವರಿಗೂ ಈ ಅಕ್ಕನ ನೆನಪುಗಳು. ಬೀದರಿನ ಥಂಡಿ ಮಕ್ಕಳಿಗೆ ಒಗ್ಗಿತೆ? ದೀಪಾವಳಿಗೆ ಮೊದಲೇ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು. ಆದರೆ ನೀನು 'ಆರಾಮ ಇದ್ದೀಯೇನಕ್ಕ' ಎಂದು ಕೇಳುತ್ತೀ, ನಾನು 'ಹೂಂ' ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಈ ಸಲ ಹಾಗೆ ಮುಗಿಸುವ ಮನಸ್ಸಿಲ್ಲ.

ಎಳ್ಳ ಅಮಾವಾಸ್ಯೆಗೆ ತಮ್ಮನ ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಬಜ್ಜಿ ಎಲ್ಲ ಇತ್ತು. ಬಜ್ಜಿಯನ್ನು ನಿನ್ನಷ್ಟು ಇಷ್ಟಪಟ್ಟು ತಿನ್ನುವವರು ಮಾತ್ರ ಇರಲಿಲ್ಲ.

ನೀನು ಬೀದರಿಗೆ ಹೋದ ಮೇಲೆ ನಮ್ಮ ಸಂಸ್ಥೆಯ ಹಳ್ಳಿ ತರಬೇತಿಯನ್ನು ನಾನೊಬ್ಬಳೇ ನಡೆಸುತ್ತಿದ್ದೇನೆ. ಪಾಠ ನಾವಿಬ್ಬರೂ ಊರೂರು ತಿರುಗಿ ಕಲಿಸಿದ್ದೇ. ಯಾವ ಕೆಲಸಕ್ಕೆ ಯಾವ ಕಚೇರಿ, ಅಲ್ಲಿ ಯಾರನ್ನು ಕೇಳಬೇಕು, ಬೇಕಾದದ್ದನ್ನು ಮೊದಲ ಮಾತಿನಲ್ಲೇ ಹೇಗೆ ಹೇಳಬೇಕು, ಉತ್ತರ ಸಿಗುವ ತನಕ ಹೇಗೆ ನಿಲ್ಲಬೇಕು. ಅಭ್ಯಾಸದ ನಾಟಕದಲ್ಲಿ ಸಾಹೇಬರ ಪಾತ್ರ ಈಗ ನನ್ನದು. ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿರುತ್ತೇನೆ. ಎದುರು ನಿಂತವರು ನಾನು ತಲೆಯೆತ್ತುವಂತೆ ಮಾಡಬೇಕು. ನೀನು ಆ ಪಾತ್ರ ಮಾಡಿದರೆ ಹೆಂಗಸರು ನಕ್ಕು ನಕ್ಕು ಧೈರ್ಯ ತಂದುಕೊಳ್ಳುತ್ತಿದ್ದರು. ನನ್ನ ಮುಖಕ್ಕೆ ಹೆದರುತ್ತಾರೆ.

ಕಳೆದ ಮಳೆಗಾಲದಲ್ಲಿ ವನದುರ್ಗದಲ್ಲಿ ಕ್ಲಾಸು ಇಟ್ಟಿದ್ದೆ. ಅಲ್ಲಿ ಸಾಯಬಮ್ಮ ಎಂಬ ಹೆಣ್ಣುಮಗಳು ಸಿಕ್ಕಳು. ಹತ್ತಿ ಬಿಡಿಸಲು ಹೋಗುವವಳು. ಮಗಳು ಶಹಾಪುರದ ಕಾಲೇಜಿಗೆ ಹೋಗುತ್ತಾಳೆ. ಬೆಳಿಗ್ಗೆ ಬಸ್ಸಿಲ್ಲದೆ ಆ ಊರಿನ ಹುಡುಗಿಯರೆಲ್ಲ ಟಂಟಂ ಆಟೋದಲ್ಲಿ ನೇತಾಡಿಕೊಂಡು ಹೋಗುತ್ತಿದ್ದರು. ಮೊದಲ ದಿನ ಸಾಯಬಮ್ಮ ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಕೊನೆಯ ದಿನ ನನ್ನ ಮುಂದೆ ಬಂದು ನಿಂತು, "ಸಾಹೇಬ್ರ, ಫೋನ್ ಕೆಳಗ ಇಡ್ರಿ. ನಾವು ಮುಂದ ನಿಂತೀವಿ" ಎಂದಳು. ಸುಳ್ಳು ಸಾಹೇಬಳಾದ ನಾನು ನಿಜಕ್ಕೂ ಫೋನು ಕೆಳಗಿಟ್ಟೆ.

ಯಾದಗಿರಿಯ ಜನಸ್ಪಂದನ ಸಭೆಗೆ ವನದುರ್ಗದ ಹೆಂಗಸರನ್ನು ಕರೆದುಕೊಂಡು ಹೋದೆ. ಸಾಯಬಮ್ಮ ಮೈಕು ಹಿಡಿದು ಹೇಳಿದಳು: "ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಸರ್ಕಾರ ಹೇಳ್ಯಾದ. ಆಧಾರ್ ಕಾರ್ಡ್ ಹಿಡಕೊಂಡು ನಿಂತೀವ್ರಿ. ಹತ್ತಾಕ ಬಸ್ ಎಲ್ಲದ?" ಸಭೆಯೇ ನಕ್ಕಿತು, ಆದರೆ ಅವಳು ನಗಲಿಲ್ಲ. ಉತ್ತರ ಬರುವವರೆಗೆ ಮೈಕು ಬಿಡಲಿಲ್ಲ. ದಸರೆಯ ಹೊತ್ತಿಗೆ ವನದುರ್ಗಕ್ಕೆ ಬೆಳಗಿನ ಬಸ್ಸು ಬಂತು. ಹೆಂಗಸರು ಬಸ್ಸಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅಂದು ನಾನೂ ಅದರಲ್ಲಿ ಹತ್ತಿ ಶಹಾಪುರಕ್ಕೆ ಬಂದೆ. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಒಂದು ಅರ್ಥ ಸಿಕ್ಕಿತು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಮುಂದಿನ ವಾರ ನಮ್ಮ ಕಚೇರಿಗೆ ಕರಿಗುಡ್ಡದಿಂದ ರಾಜಾಸಾಬ ಎಂಬ ಹಿರಿಯರು ಬಂದರು. ಕರಿಗುಡ್ಡ ನಿನಗೆ ಗೊತ್ತಿರಲಿಕ್ಕಿಲ್ಲ. ವನದುರ್ಗದ ಪಕ್ಕದಲ್ಲೇ, ದೊಡ್ಡ ರಸ್ತೆಯಿಂದ ಒಳಗಿರುವ ಸಣ್ಣ ಹಳ್ಳಿ. ನಾವು ಯಾವತ್ತೂ ಅಲ್ಲಿ ಕ್ಲಾಸು ಮಾಡಿಲ್ಲ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅಕ್ಕಾರ, ವನದುರ್ಗದವರಿಗೆ ಬಸ್ ಕೊಡಿಸಿದವ್ರು ನೀವೇ ಏನ್ರಿ?"

ಹೌದು ಎಂದೆ. ಹೊಗಳಲು ಬಂದಿದ್ದಾರೆ ಎಂದುಕೊಂಡಿದ್ದೆ.

"ಅದು ನಮ್ಮ ಬಸ್ರಿ. ಮುಂಜಾನಿ ನಮ್ಮೂರಿಗೆ ಬರ್ತಿತ್ತು. ಈಗ ಕ್ರಾಸಿನಾಗೇ ಹೊಳ್ಳಿ ಹೋಗ್ತದ. ನಮ್ಮ ಹುಡುಗ್ಯಾರು ಕಾಲೇಜು ಬಿಟ್ಟು ಮನ್ಯಾಗ ಕುಂತಾರ."

ಅಂದೇ ಡಿಪೋಗೆ ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. "ಮೇಡಮ್, ಆ ಕಡಿ ಓಡಿಸಾಕ ನನ್ನ ಹತ್ರ ಇರೋದು ಒಂದ ಬಸ್. ಎರಡೂ ಊರಿಗೆ ಹೋದ್ರ ಕಾಲೇಜಿನ ಟೈಮಿಗೆ ಮುಟ್ಟಂಗಿಲ್ಲ. ವನದುರ್ಗದವರು ಬಂದು ಕೇಳಿದ್ರು, ಮ್ಯಾಲಿಂದ ಫೋನೂ ಬಂತು. ಕರಿಗುಡ್ಡದವರು ಯಾರೂ ಏನೂ ಕೇಳಿಲ್ಲಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಕೇಳಿದವರಿಗೆ ಕೊಟ್ಟಿದ್ದಾರೆ. ಕೇಳಬೇಕೆಂದು ಕಲಿಸುವುದೇ ನನ್ನ ಕೆಲಸ.

ಅಲ್ಲಿಂದ ಸಾಯಬಮ್ಮನ ಹತ್ತಿರ ಹೋದೆ. ಒಂದು ದಿನ ನಿಮಗೆ, ಒಂದು ದಿನ ಅವರಿಗೆ ಎಂದು ಕೇಳಿಕೊಳ್ಳೋಣವೇ ಎಂದೆ.

"ಅಕ್ಕಾರ, ನನ್ನ ಮಗಳು ಟಂಟಂನ್ಯಾಗಿಂದ ಬಿದ್ದು ಕೈ ಮುರಕೊಂಡಿದ್ದು ನಿಮಗ ಗೊತ್ತದ. ಈಗ ಸೀಟಿನ್ಯಾಗ ಕುಂತು ಹೋಗ್ತಾಳ. ಸಿಕ್ಕಿದ್ದು ಕೈ ಬಿಡಬ್ಯಾಡ್ರಿ ಅಂತ ನೀವೇ ಹೇಳೀರಿ. ಈಗ ಬಿಡು ಅಂದ್ರ ಹ್ಯಾಂಗ ಬಿಡ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ನಾನು ಮತ್ತೆ ಒತ್ತಾಯಿಸಲಿಲ್ಲ. ಆ ತಾಯಿಗೆ ಬಿಟ್ಟುಕೊಡು ಎಂದು ಹೇಳಲು ನನಗೇನು ಹಕ್ಕಿದೆ, ನುಜ್ಹತ?

ಉಳಿದದ್ದು ಒಂದೇ ದಾರಿ, ಕರಿಗುಡ್ಡದವರಿಗೂ ಕಲಿಸುವುದು. ಮಸೀದಿಯ ಮುಂದಿನ ಕಟ್ಟೆಯ ಮೇಲೆ ಕ್ಲಾಸು ಇಟ್ಟೆ. ನೋಡಲು ಊರೆಲ್ಲ ಬಂತು, ಕಲಿಯಲು ಯಾರೂ ಮುಂದೆ ಬರಲಿಲ್ಲ. ರಾಜಾಸಾಬರು ನಿಂತೇ ಕೇಳಿದರು: "ನಾವು ಕಲಿತ್ರ ಯಾವ ಊರಿನ ಬಸ್ ತಂದು ಕೊಡ್ತೀರಿ, ಅಕ್ಕಾರ?" ಜನ ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹೊಸ ಬಸ್ಸನ್ನೇ ಕೇಳೋಣ, ಯಾರದನ್ನೂ ಕಸಿಯುವುದು ಬೇಡ ಎಂದೆ. ಹಾಗೆಂದಾಗ, ವನದುರ್ಗದಲ್ಲೂ ಈ ಮಾತನ್ನು ಮೊದಲೇ ಆಡಬಹುದಿತ್ತಲ್ಲ ಎನ್ನಿಸಿತು.

ಆಗ ಎದ್ದು ಬಂದವಳು ದುರ್ಗಾದೇವಿ, ಅಲ್ಲಿಯ ಜಗದೇವಪ್ಪನವರ ಮಗಳು. ಬಿ.ಎ. ಮೊದಲ ವರ್ಷಕ್ಕೆ ಸೇರಿ, ಬಸ್ಸು ನಿಂತ ಮೇಲೆ ಮನೆಯಲ್ಲಿದ್ದವಳು. ಎರಡೇ ವಾರದಲ್ಲಿ ಊರಿನ ಹೆಂಗಸರನ್ನು ತಾನೇ ಕರೆತರುವಷ್ಟಾದಳು. ಹಿಂದಿನ ತಿಂಗಳ ಜನಸ್ಪಂದನ ಸಭೆಯಲ್ಲಿ ಅವಳು ಮಾತಾಡಿದ್ದನ್ನು ನೀನು ಕೇಳಬೇಕಿತ್ತು. ವನದುರ್ಗದವರ ಬಗ್ಗೆ ಒಂದು ಕೆಟ್ಟ ಮಾತಿಲ್ಲ. "ಅವರ ಬಸ್ ಅವರಿಗೇ ಇರ್ಲಿ. ನಾವೂ ಇದೇ ಜಿಲ್ಲಾದವರೇ ಇದ್ದೀವ್ರಿ" ಎಂದಳು. ಜೂನ್‌ನಲ್ಲಿ ಹೊಸ ಬಸ್ಸುಗಳು ಬರುತ್ತವೆ, ಆಗ ಖಂಡಿತ ಎಂದು ಅಧಿಕಾರಿಗಳು ಎಲ್ಲರ ಮುಂದೆ ಒಪ್ಪಿಕೊಂಡರು. ಬರುತ್ತದೆ ಎಂದು ನನಗೂ ನಂಬಿಕೆಯಿದೆ.

ಈಗ ಯಾವ ಊರಿಗೆ ಹೋದರೂ ಮೊದಲು ಪಕ್ಕದ ಊರನ್ನು ನೋಡಿ ಬರುತ್ತೇನೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ. ನೀನಿದ್ದಿದ್ದರೆ ರಾತ್ರಿ ಊಟಕ್ಕೆ ಕೂತು ಜಗಳವಾಡಿ ಏನಾದರೊಂದು ತೀರ್ಮಾನಕ್ಕೆ ಬರುತ್ತಿದ್ದೆವು.

ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಮನೆ ನಗುನಗುತ್ತ ಇರಲಿ. ಬೇಸಿಗೆಗೆ ಬಾ, ದಾರಿ ನೋಡುತ್ತಿರುತ್ತೇನೆ.

ನಿನ್ನ ಅಕ್ಕ,
ಗುರುದೇವಿ

ತಾ.ಕ.: ಪತ್ರ ಮುಗಿಸಿ ಅಂಟಿಸಲು ಹೋದವಳು ಮತ್ತೆ ಪೆನ್ನು ಹಿಡಿದಿದ್ದೇನೆ. ದುರ್ಗಾದೇವಿಗೆ ಮುಂದಿನ ತಿಂಗಳು ಮದುವೆ. ಮೊನ್ನೆ ಅಪ್ಪ, ಮಗಳು ಇಬ್ಬರೂ ಕರೆಯಲು ಬಂದಿದ್ದರು. ಜಗದೇವಪ್ಪನವರು ಹೊರಗೆ ಕೂತಿದ್ದರು. ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಅಕ್ಕಾರ, ಬಸ್ಸಿಗೆ ಯಾರಿಗೆ ಕೇಳಬೇಕು ಅಂತ ಕಲಿಸೀರಿ. ಮದಿವಿ ಈಗ ಬ್ಯಾಡ ಅನ್ನಾಕ ಯಾರಿಗೆ ಕೇಳ್ಬೇಕ್ರಿ?" ಅವಳಿಗೆ ಹದಿನೆಂಟು ತುಂಬಿದೆ, ಬಾಲ್ಯವಿವಾಹವೆಂದು ದೂರು ಕೊಡುವಂತಿಲ್ಲ. ನಿಮ್ಮಪ್ಪನನ್ನೇ ಕೇಳು ಎಂದೆ. "ಕೇಳೀನ್ರಿ. ನೀವು ಕಲಿಸಿದಂಗೇ ಕೇಳೀನಿ" ಎಂದಳು.

ನಾನೇ ಹೊರಗೆ ಹೋಗಿ ಕೇಳಿದೆ. ಓದು ಮುಗಿಯಲಿ, ಜೂನ್ ತನಕವಾದರೂ ತಡೆಯಿರಿ ಎಂದೆ. ಜಗದೇವಪ್ಪನವರು ಚಹಾದ ಕಪ್ಪು ಕೆಳಗಿಟ್ಟು ಕೈ ಮುಗಿದರು. "ಅಕ್ಕಾರ, ಓದೋ ಹುಡುಗಿನ ಮನ್ಯಾಗ ಕುಂದ್ರಿಸಿದ್ದು ನಾನಲ್ರಿ. ನಾಳೆ ಮುಂಜಾನಿ ಬಸ್ ಬರ್ತದ ಅಂತ ಹೇಳ್ರಿ, ಮದಿವಿ ಮುಂದಕ್ಕ ಹಾಕ್ತೀನಿ."

ದುರ್ಗಾದೇವಿ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅವರಿಗೆ ಇನ್ನಷ್ಟು ಚಹಾ ಹಾಕಲೇ ಎಂದು ಕೇಳಿದೆ.