ಸೂರ್ಯ ಹುಟ್ಟದ ಊರಿನ ಪ್ಲಾನು

ಆಗಸ್ಟ್ ೧೯, ಮಂಗಳವಾರ

ಅಪೂರ್ವಾ ಫೋನಿಟ್ಟು ಎರಡು ಗಂಟೆ ಆಯ್ತು, ನಿದ್ದೆ ಬರ್ತಿಲ್ಲ. ಮಗಳ ಮಗಳು. ಫಿನ್ಲೆಂಡಿನ ಉತ್ತರದ ತುದೀಲಿ ಹಿಮದ ಮೇಲೆ ಓಡೋ ಬೈಕಲ್ಲಿ ಜನರಿಗೆ ಕಾಡು ಸುತ್ತಿಸೋದು ಅವಳ ಕೆಲಸ. ಡಿಸೆಂಬರಿಗೆ ನನ್ನನ್ನೂ ಹಿಂದೆ ಕೂರಿಸ್ಕೊಂಡು ನಾಲ್ಕು ದಿನ ಹೋಗೋ ಪ್ಲಾನು ಹಾಕಿದಾಳೆ. ದಿನಕ್ಕೆಷ್ಟು ದೂರ, ಪೆಟ್ರೋಲು ಎಲ್ಲಿ, ರಾತ್ರಿ ಯಾವ ಮರದ ಮನೇಲಿ ಮಲಗೋದು, ಎಲ್ಲ ಓದಿ ಹೇಳಿದಳು.

"ಅಲ್ಲಿ ಹೊತ್ತು ಮುಳುಗೋದು ಎಷ್ಟಕ್ಕೆ?" ಅಂದೆ. ಹೊತ್ತು ಮುಳುಗಿದ ಮೇಲೆ ಉಣ್ಣಲ್ಲ ಅನ್ನೋ ನೇಮ ಹಿಡಿದು ನಲವತ್ತು ವರ್ಷ ಆಯ್ತು ನಂಗೆ.

ಹುಡುಗಿ ತಡವರಿಸಿದಳು. "ಆಗ ಅಲ್ಲಿ ಸೂರ್ಯ ಹುಟ್ಟೋದೇ ಇಲ್ಲ ಅಜ್ಜಿ."

"ಅಂದ್ರೆ ನಾಲ್ಕು ದಿನ ಉಪವಾಸ. ಗಾಡಿ ಹೊಟ್ಟೆಗೆ ಲೆಕ್ಕ ಹಾಕಿದೀಯ, ಅಜ್ಜಿ ಹೊಟ್ಟೆ ಮರೆತಿದೀಯ."

"ನಾಲ್ಕೇ ದಿನ, ನೇಮ ಬಿಡಕ್ಕಾಗಲ್ವಾ?"

"ನಾಲ್ಕೇ ದಿನ ಅಂತ ನೀನು ಬ್ರೇಕಿಲ್ಲದ ಗಾಡಿ ಓಡಿಸ್ತೀಯಾ?"

ಪಾಪ ಅನ್ನಿಸ್ತು. ನಂಗೂ ಹೋಗೋ ಆಸೆ ಬೆಟ್ಟದಷ್ಟಿದೆ, ಅವಳ ಹತ್ರ ಹೇಳ್ಲಿಲ್ಲ ಅಷ್ಟೆ. ಆಮೇಲೆ ಕೇಳಿದೆ, "ಸಂಜೆ ಆರರ ತನಕ ಬೆಳಕಿರೋದು ಯಾವಾಗ?"

"ಮಾರ್ಚಲ್ಲಿ."

"ಆಗ ಹಿಮ?"

"ಆಗಲೂ ಇರುತ್ತೆ. ಚಳೀನೂ ಕಮ್ಮಿ."

"ಮತ್ತೆ ಡಿಸೆಂಬರಲ್ಲಿ ಯಾಕೆ ಎಳ್ಕೊಂಡು ಹೋಗ್ತಿದ್ದೆ ಕತ್ತೆ?"

ಬಿದ್ದು ಬಿದ್ದು ನಕ್ಕಳು. ಮಾರ್ಚಿಗೇ ಬದಲಾಯಿಸ್ತಾಳಂತೆ. ನಾಳೆ ಹೊಸನಗರಕ್ಕೆ ಹೋಗಿ ಪಾಸ್‌ಪೋರ್ಟಿನ ಅರ್ಜಿ ವಿಚಾರಿಸಬೇಕು. ಗಾಡಿ ಮೇಲೆ ಸೀರೆ ನಡೆಯಲ್ವಂತೆ, ದಪ್ಪ ಪ್ಯಾಂಟು ಹಾಕ್ಕೋಬೇಕಂತೆ. ಎಪ್ಪತ್ತಕ್ಕೆ ಪ್ಯಾಂಟು. ತೀರ್ಥಹಳ್ಳಿ ಬೀಗಿತ್ತಿ ನೋಡಿದ್ರೆ... ನೋಡ್ಲಿ ಬಿಡು, ಫೋಟೊ ನಾನೇ ಕಳಿಸ್ತೀನಿ.