ಬೇರೆ ಗಂಗಾಳ

ಬನಹಟ್ಟಿ
೧೪ ನವೆಂಬರ್ ೧೯೯೪

ಬೀಳಗಿಯ ಅಣ್ಣ ಗಿರಮಲ್ಲಪ್ಪನವರ ಪಾದಕ್ಕೆ ತಂಗಿ ಗುರುಬಸವ್ವನ ಶರಣು.

ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡಿರಿ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬರೆದದ್ದನ್ನು ಹರಿಯುವುದು, ಮತ್ತೆ ಬರೆಯುವುದು, ಇದೇ ಆಗಿದೆ. ವೈನಿಯ ಆಪರೇಶನ್ನಿನ ಹೊಲಿಗೆ ಮಾಗಿದವೇ? ಕೊಡ ಎತ್ತಗೊಡಬೇಡಿರಿ. ಥಂಡಿ ಬಿದ್ದಿದೆ, ಕಿವಿಗೆ ಕಟ್ಟಿಕೊಳ್ಳಲಿ. ಇಲ್ಲಿ ಕರೆಂಟು ಇದ್ದಾಗ ಮಗ್ಗ, ಹೋದಾಗ ಕಟ್ಟೆ. ನಾನು ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ನಡೆದಿದೆ.

ಬಸ್ಸಿನ ಕಂಡಕ್ಟರನ ಕೈಯಲ್ಲಿ ನೀವು ತಿರುಗಿ ಕಳಿಸಿದ ನಿಶ್ಚಯದ ಸೀರೆ ಮುಟ್ಟಿತು. ನಿಮ್ಮ ಮಗಳು ಮಾದೇವಿಗೆಂದು ನನ್ನ ಮಗ ಬಾಳು ತನ್ನ ಕೈಯಾರೆ ನೇಯ್ದದ್ದು. ಅವಳು ಇನ್ನೂ ಉಟ್ಟಿರಲಿಲ್ಲ, ಆದರೂ ತೊಳೆದು ಕಳಿಸಿದ್ದಿರಿ. ಗಂಜಿ ಹೋಗಿ ಮೆತ್ತಗಾಗಿತ್ತು. ಬಾಳು ಸೆರಗು ಮುಟ್ಟಿ ನೋಡಿ ಮಡಚಿಟ್ಟ.

ವೈನಿಯ ಆಪರೇಶನ್ನಿಗೆ ರಕ್ತ ಬೇಕೆಂದಾಗ ತಾನಾಗಿ ಓಡಿಬಂದವನು ಅವನೇ ಅಲ್ಲವೇ ಅಣ್ಣ? ವೈನಿ ಮಲಗಿದಲ್ಲಿಂದಲೇ, “ಅಳಿಯಾ, ನಿನ್ನ ರಕ್ತ ನನ್ನ ಮೈಯಾಗ ಬಂದ್ರ ನಾಳೆ ಜಗಳದಾಗ ಮಗಳನ್ನ ಬಿಟ್ಟು ನಿನ್ನ ಕಡೇನ ಮಾತಾಡಬೇಕಾಕ್ಕೈತಿ ನೋಡು” ಎಂದು ನಗಿಸಿದ್ದರು. ಸಂಜೆಗೆ ಡಾಕ್ಟರು ಕರೆದು, ಆ ರಕ್ತ ಚೆಲ್ಲಬೇಕಾಯಿತು, ಅದರಲ್ಲಿ ಬಿ ಕಾಮಣಿ, ಅಂದರೆ ಕಾಮಾಲೆಯ ರೋಗ ಇದೆ ಎಂದರು. ಕಣ್ಣು ಹಳದಿಯಿಲ್ಲ, ಜ್ವರವಿಲ್ಲ, ಕಲ್ಲಿನಂಥ ಹುಡುಗ! ಬಾಗಿಲಲ್ಲಿ ನಿಂತಿದ್ದ ನೀವು, “ಎಲ್ಲೆಲ್ಲಿ ತಿರಿಗ್ಯಾಡಿ ತಂದಾನೋ! ನಮ್ಮ ಮನಿತನದಾಗ ಇಂಥಾದ್ದಿಲ್ಲ, ತಂಗೆವ್ವಾ” ಎಂದಿರಿ.

ಆ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿತು. ಊರಿಗೆ ಬಂದವಳೇ ಕಾಡಸಿದ್ಧೇಶ್ವರನ ಮೇಲೆ ಆಣೆ ಮಾಡಿಸಿದೆ. “ಯಾವ ಹೆಂಗಸಿನ ಹಂತ್ಯಾಕೂ ಹೋಗಿಲ್ಲಬೇ ಅವ್ವಾ” ಎಂದ. ಆಣೆ ಮಾಡಿದರೂ ನನಗೆ ಸಮಾಧಾನವಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ.

ಸುದ್ದಿ ಕಾರಖಾನೆಗೂ ಮುಟ್ಟಿತು. ನೀವು ಮಗ್ಗ ಬಿಟ್ಟು ಅಂಗಡಿ ಹಾಕಿ ಎಷ್ಟೋ ಕಾಲವಾದರೂ ಇದನ್ನು ಮರೆತಿರಲಾರಿರಿ. ಕಂಡಿಕೆ ಬದಲಿಸಿದಾಗಲೆಲ್ಲ ಲಾಳಿಯ ಕಣ್ಣಿಗೆ ಬಾಯಿಟ್ಟು ಎಳೆ ಹೀರಿ ತೆಗೆಯಬೇಕು. ಹಗಲಿನವನು ಬಾಯಿಟ್ಟ ಲಾಳಿಗೇ ರಾತ್ರಿಯವನೂ ಬಾಯಿಡಬೇಕು. ಬಾಳುನ ಜೋಡಿ ಪಾಳಿಯ ನಾಮದೇವ ಇವನ ಲಾಳಿ ಗುರುತು ಸಿಗಲೆಂದು ಅದಕ್ಕೆ ಕೆಂಪು ದಾರ ಕಟ್ಟಿಬಿಟ್ಟ. “ಸಿಟ್ಟಾಗಬ್ಯಾಡ ದೋಸ್ತಾ, ಮನ್ಯಾಗ ಸಣ್ಣ ಹುಡುಗರದಾವು” ಎಂದನಂತೆ. ಅವನನ್ನೇನು ಬೈಯಲಿ? ನಾನೂ ಹೆದರಿ ಬಾಳು ಉಣ್ಣುವ ಗಂಗಾಳ, ನೀರು ಕುಡಿಯುವ ಚರಿಗೆ ಬೇರೆ ಇಟ್ಟಿದ್ದೆ. ಒಂದು ದಿನ ಉಣ್ಣುತ್ತ ಕೂತವನು ನಕ್ಕ. “ಕಾರಖಾನ್ಯಾಗ ಕೆಂಪು ದಾರ, ಮನ್ಯಾಗ ಬ್ಯಾರೆ ಗಂಗಾಳ. ಇನ್ನ ಕೊರಳಿಗೊಂದು ಗಂಟಿ ಕಟ್ಟಿಬಿಡಬೇ ಅವ್ವಾ, ನಾ ಬರೂದು ಮಂದಿಗೆ ಗೊತ್ತಾಗಲಿ.”

ಮರುದಿನವೇ ಜಮಖಂಡಿಗೆ ಹೋಗಿ ಡಾಕ್ಟರ್ ಶುಭದಾಬಾಯಿಯವರ ಮುಂದೆ ಅತ್ತೆ. ಅವರು, “ರಕ್ತ ಕೊಡ್ಲಿಕ್ಕೆ ಬಂದ ನೂರು ಮಂದ್ಯಾಗ ಇಬ್ಬರೋ ಮೂವರೋ ಹಿಂಗ ಸಿಗ್ತಾರ್ರಿ. ಅವರಿಗೂ ಅದು ಗೊತ್ತಿರೂದಿಲ್ಲ. ಕೂಡಿ ಉಂಡ್ರ, ಕೂಡಿ ಕೂತ್ರ ಬರೂದಲ್ಲ ಇದು. ರಕ್ತದಿಂದ, ಗಂಡ ಹೆಣತಿ ಕೂಡೂದ್ರಿಂದ ಬರ್ತದ. ಹುಡಿಗೀಗೆ ಮೊದಲ ತಪಾಸಣಿ ಮಾಡಿಸಿ, ರೋಗ ಇಲ್ಲಂದ್ರ ಮುಂದ ಬರದಂಗ ಸೂಜಿ ಹಾಕಿಸ್ರಿ. ಆಮ್ಯಾಲೆ ಲಗ್ನ ಮಾಡ್ರಿ, ಯಾರ ಬ್ಯಾಡಂತಾರ?” ಎಂದರು. ಅಂದೇ ಬಂದು ಆ ಗಂಗಾಳವನ್ನು ಎಲ್ಲದರ ಜೊತೆ ಕೂಡಿಸಿ ತೊಳೆದೆ. ಅಣ್ಣ, ಒಮ್ಮೆ ನೀವೇ ಬಂದು ಅವರ ಬಾಯಿಂದ ಕೇಳಿರಿ. ಮಾದೇವಿಯ ಮನಸ್ಸನ್ನೂ ಕೇಳಿರಿ. ಬೇರೆ ಕಡೆ ವರ ನೋಡುತ್ತಿದ್ದೀರೆಂದು ಕೇಳಿದೆ, ಅದಕ್ಕೇ ಇಷ್ಟು ಅವಸರ.

ವೈನಿಗೆ ನಮಸ್ಕಾರ. ಮಾದೇವಿಗೆ ಅತ್ತೆಯ ಆಶೀರ್ವಾದ, ಯಾರ ಮನೆ ಸೇರಿದರೂ ತಣ್ಣಗಿರಲಿ.

ನಿಮ್ಮ ತಂಗಿ
ಗುರುಬಸವ್ವ

ತಾ. ಕ.: ಇದನ್ನು ನೀವೊಬ್ಬರೇ ಓದಿರಿ. ಶುಭದಾಬಾಯಿ ಅಂದೇ ನನ್ನ ರಕ್ತವನ್ನೂ ತೆಗೆದುಕೊಂಡಿದ್ದರು. ನನ್ನಲ್ಲೂ ಅದೇ ಇದೆ. ಹೆರುವಾಗ ತಾಯಿಯಿಂದ ಕೂಸಿಗೆ ಬರುತ್ತದಂತೆ. ಬಾಳು ಎಲ್ಲಿಂದಲೂ ತಂದಿಲ್ಲ, ನಾನೇ ಕೊಟ್ಟಿದ್ದೇನೆ. “ನಿಮ್ಮ ತಾಯಿ ಹೆಂಗ ಹೋದ್ರು?” ಎಂದೂ ಅವರು ಕೇಳಿದರು. ನೀವೂ ತಪಾಸಣೆ ಮಾಡಿಸಿರಿ ಅಣ್ಣ, ಮಾದೇವಿಗೂ ಮಾಡಿಸಿರಿ. ಬಾಳು ನಿಮಗೆ ಇದನ್ನು ಹೇಳಗೊಡಲಿಲ್ಲ. “ಮಾಮಾಗ ಬರೀಬ್ಯಾಡಬೇ. ಮಾದೇವಿಗೆ ವರ ನೋಡಾಕತ್ತಾರ, ಕೆಟ್ಟ ಹೆಸರು ನನ್ನ ಮ್ಯಾಲೇನ ಇರಲಿ” ಎಂದು ಕೈ ಹಿಡಿದ. ಆದರೂ ಬರೆದೆ.

ಅವ್ವ ಹೋಗುವಾಗ ಅವಳ ಕಣ್ಣು ಅರಿಶಿನದಂತಿತ್ತು, ಹೊಟ್ಟೆ ತುಂಬ ನೀರು ತುಂಬಿತ್ತು. ನೀವು ತೊಡೆಯ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸುತ್ತಿದ್ದಿರಿ, ಅವಳು ಬಿಟ್ಟದ್ದನ್ನು ನೀವೇ ಕುಡಿಯುತ್ತಿದ್ದಿರಿ. ಅವಳಿಗೆ ನಾವು ಬೇರೆ ಗಂಗಾಳ ಇಟ್ಟಿರಲಿಲ್ಲ ಅಣ್ಣ.